ಬಾಣಂತಿ ಕೋಣೆಯ ಕತ್ತಲು

ನಮ್ಮ ಪಡಸಾಲೆಯ ಗೂಡಿನಲ್ಲಿ ಅಂಗೈಯಗಲದ ಒಂದು ಕೆಂಪು ಗಾಜು ಇದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಅದನ್ನು ಕಣ್ಣಿಗೆ ಹಿಡಿದುಕೊಂಡು ಅಂಗಳಕ್ಕೆ ಓಡಿ, "ತಾತಾ, ಬಳ್ಳಾರಿ ಗುಡ್ಡಕ್ಕ ಬೆಂಕಿ ಹತ್ತೈತಿ!" ಎಂದು ಕುಣಿದಳು. "ಲೇ, ಒಡದೀಯ, ಮೊದಲಿದ್ದಲ್ಲೆ ಇಡು" ಎಂದು ಗದರಿಸಿದೆ. ಮುಖ ಊದಿಸಿಕೊಂಡು ಇಟ್ಟು ಹೋದಳು. ಗದರಿಸುವುದು ನನ್ನ ಹಳೆಯ ಚಟ, ನೌಕರಿ ಬಿಟ್ಟ ಮೇಲಂತೂ ಬೇರೆ ಕೆಲಸವೇ ಇಲ್ಲ. ಆ ಗಾಜು ಒಡೆದರೆ ಯಾರಿಗೂ ನಷ್ಟವಿರಲಿಲ್ಲ. ರೈಲ್ವೆಯವರ ಸಿಗ್ನಲ್ ದೀಪದ ಒಡೆದ ಚೂರು ಅದು, ಅವರೇ ಕಸಕ್ಕೆ ಎಸೆದದ್ದು.

ನನ್ನ ಗೆಳೆಯರಿಗೆಲ್ಲ ಈ ಗಾಜಿನ ಕತೆ ಅರ್ಧ ಗೊತ್ತು. ನಾನು ಮನೆಯಲ್ಲಿ ಕತ್ತಲೆ ಕೋಣೆ ಕಟ್ಟಿದ ಅರ್ಧವನ್ನು ನಗಾಡುತ್ತಾ ಹೇಳುತ್ತೇನೆ, ಅವರೂ ನಗುತ್ತಾರೆ. ಉಳಿದರ್ಧಕ್ಕೆ ಬರುವಷ್ಟರಲ್ಲಿ ನಾನೇ ಎಲೆ ಅಡಿಕೆಯ ನೆಪ ಹೇಳಿ ಎದ್ದುಬಿಡುತ್ತೇನೆ. ಇವತ್ತು ಎಲೆ ಅಡಿಕೆ ಪಕ್ಕದಲ್ಲೇ ಇದೆ, ನೀವೂ ಸಿಕ್ಕಿದ್ದೀರಿ, ಕೂತುಕೊಳ್ಳಿ.

ಮಹಾರಾಣಿಯ ಮುಖದ ರೂಪಾಯಿ ಚಲಾವಣೆಯಲ್ಲಿದ್ದ ಕಾಲ. ನಾನು ಬಳ್ಳಾರಿಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ದಂಡಿನಲ್ಲಿದ್ದ ಒಬ್ಬ ಡಾಕ್ಟರ್ ದೊರೆಗೆ ಕನ್ನಡ ಹೇಳಿಕೊಡಲು ಬಿಡುವಿದ್ದಾಗ ಹೋಗುತ್ತಿದ್ದೆ. ಗುರುವಾಗಿ ನನ್ನ ಸಾಧನೆ ದೊಡ್ಡದು: "ಇಲ್ಲಿ ನೋವು? ಅಲ್ಲಿ ನೋವು?" ಎಂಬೆರಡು ಮಾತಿನ ಆಚೆಗೆ ಅವನು ಕಡೆಯವರೆಗೂ ದಾಟಲಿಲ್ಲ. ಹಡಗು ಹತ್ತಿ ತನ್ನ ಊರಿಗೆ ಹೊರಟಾಗ ಸಾಮಾನೆಲ್ಲ ಹಂಚಿದ. ಅಡುಗೆಯವನಿಗೆ ಕುರ್ಚಿ, ಕುದುರೆಯವನಿಗೆ ಬೂಟು, ನನಗೆ ಅವನ ಕ್ಯಾಮೆರಾ. ಜೊತೆಗೆ ಗಾಜಿನ ಪ್ಲೇಟುಗಳ ಕೆಲವು ಡಬ್ಬಿ, ಎರಡು ಬಗೆಯ ಮದ್ದು.

ಕ್ಯಾಮೆರಾ ನನಗೆ ಹೊಸದಲ್ಲ. ಅಂಥದೊಂದನ್ನು ನಾನು ಮೊದಲು ನೋಡಿದ್ದು ಧಾತು ಸಂವತ್ಸರದ ಬರದಲ್ಲಿ, ಗಂಜಿ ಕೊಡುವ ಕಡೆ. ಆಗ ನನಗೆ ಮೀಸೆ ಚಿಗುರುವ ವಯಸ್ಸು, ಅಲ್ಲಿ ಹೆಸರು ಬರೆದುಕೊಳ್ಳುವ ಕೆಲಸ. ಯಾರೋ ದೊರೆ ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ, ಎಲುಬು ಚರ್ಮ ಉಳಿದಿದ್ದ ಒಂದು ಸಂಸಾರವನ್ನು ಎದುರಿಗೆ ಕೂಡಿಸಿದ. "ಅಲುಗಾಡಬ್ಯಾಡ್ರಿ ಅಂತ ಹೇಳು" ಎಂದು ದ್ವಿಭಾಷಿ ನನಗೆ ಹೇಳಿದ, ನಾನು ಅವರಿಗೆ ಹೇಳಿದೆ. ಅವರಿಗೆ ಅಲುಗಾಡುವ ಶಕ್ತಿ ಎಲ್ಲಿತ್ತು? ಆ ಪೆಟ್ಟಿಗೆಯಿಂದ ಗಂಜಿ ಬರುತ್ತದೆಂದು ತಿಳಿದು ಅದರ ಬಾಯಿಯನ್ನೇ ನೋಡುತ್ತಾ ಕೂತಿದ್ದರು. ದೊರೆ ಪೆಟ್ಟಿಗೆ ಮಡಚಿಕೊಂಡು ಹೋದ ಮೇಲೂ ಎದ್ದಿರಲಿಲ್ಲ. ಅಂಥ ಪೆಟ್ಟಿಗೆ ಮನೆಗೆ ಬಂದಾಗ ನನಗೆ ಸಂತೋಷವಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಆಯಿತು, ಹುಚ್ಚು ಹಿಡಿಯುವಷ್ಟು ಆಯಿತು.

ಪಟ ತೆಗೆಯಲು ಬೆಳಕು ಬೇಕು, ಬಳ್ಳಾರಿಯಲ್ಲಿ ಅದಕ್ಕೇನು ಬರ! ತೆಗೆದ ಪಟವನ್ನು ಎಬ್ಬಿಸಲು ಕತ್ತಲೆ ಬೇಕು. ಪಟ ಮೂಡುವ ಆ ಪ್ಲೇಟಿನ ಗಾಜಿಗೆ ಹಚ್ಚಿದ ಲೇಪ ಬೆಳಕು ಕಂಡರೆ ಕೆಟ್ಟುಹೋಗುವಂಥದ್ದು, ಕೆಂಪು ಬೆಳಕೊಂದನ್ನು ಬಿಟ್ಟು. ಕತ್ತಲಲ್ಲಿ ಒಂದು ಮದ್ದು ಹಾಕಿದರೆ ಚಿತ್ರ ಏಳುತ್ತದೆ, ಇನ್ನೊಂದು ಹಾಕಿದರೆ ನಿಲ್ಲುತ್ತದೆ. ನಿಂತ ಮೇಲೆ ಬಿಸಿಲಿಗೂ ಹೆದರಬೇಕಿಲ್ಲ. ನನ್ನ ಹೆಂಡತಿ ಗೌರವ್ವ ಅವಕ್ಕೆ ಎಬ್ಬಿಸೋ ಮದ್ದು, ನಿಲ್ಲಿಸೋ ಮದ್ದು ಎಂದೇ ಹೆಸರಿಟ್ಟಳು. ಇಂಗ್ಲಿಷ್ ಹೆಸರಿಗಿಂತ ಅದೇ ವಾಸಿ ಎಂದು ನಾನೂ ಹಾಗೇ ಕರೆದೆ.

ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ಬಾಣಂತಿ ಕೋಣೆ. ನನ್ನ ತಾಯಿ ನನ್ನನ್ನು ಹೆತ್ತದ್ದು ಅಲ್ಲಿ, ಗೌರವ್ವ ನಮ್ಮ ಒಬ್ಬಳೇ ಮಗಳು ನೀಲವ್ವನನ್ನು ಹೆತ್ತದ್ದೂ ಅಲ್ಲಿ. ಮಣ್ಣಿನ ಮಾಳಿಗೆಯಲ್ಲಿ ಒಂದು ಗವಾಕ್ಷಿ, ಮೂಲೆಯಲ್ಲಿ ಬಚ್ಚಲು, ಮೊಳ ದಪ್ಪದ ಗೋಡೆ. ಇದಕ್ಕಿಂತ ಕತ್ತಲೆ ಎಲ್ಲಿ ಸಿಕ್ಕೀತು ಎಂದುಕೊಂಡೆ. ಗವಾಕ್ಷಿಗೆ ಗೋಣಿ ತುರುಕಿ, ಬಾಗಿಲು ಹಾಕಿ ಒಳಗೆ ಕೂತು ನೋಡಿದಾಗ ತಿಳಿಯಿತು: ಸ್ವಲ್ಪ ಹೊತ್ತಿಗೆಲ್ಲ ನನ್ನ ಕೈಬೆರಳು ನನಗೇ ಕಾಣತೊಡಗಿದವು. ಬಾಗಿಲ ಸಂದಿಯಲ್ಲಿ ಬೆಳಕು, ತೊಲೆಯ ತುದಿಯಲ್ಲಿ ಬೆಳಕು, ಇರುವೆ ಕೊರೆದ ತೂತಿನಲ್ಲಿ ಬೆಳಕು. ಮನೆ ಕಟ್ಟುವವರಿಗೆ ಗಾರೆಯವರು ಸಿಗುತ್ತಾರೆ, ಕತ್ತಲೆ ಕಟ್ಟಿಕೊಡುವವರು ಯಾರೂ ಸಿಗಲಿಲ್ಲ. ಪಂಚೆ ಎತ್ತಿ ಕಟ್ಟಿ ನಾನೇ ಸಗಣಿ ಮಣ್ಣು ಕಲಸಿದೆ.

"ಗುಮಾಸ್ತಿಕಿ ಬಿಟ್ಟು ಉಪ್ಪಾರ ಕೆಲಸಾ ಹಿಡದ್ರೇನ್ರಿ?" ಎಂದು ಗೌರವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ಬೆಳಕು ಬರಾಕತ್ತೈತಿ, ಮುಚ್ಚಾಕತ್ತೀನಿ."

"ಶಿವಾ ಶಿವಾ! ಊರಾಗಿನ ಮಂದಿ ಮನಿಯಾಗ ಬೆಳಕು ಬರಲಿ ಅಂತ ಬೇಡಿಕೊಂತಾರ. ನಮ್ಮನಿ ಗಂಡಸಿಗೆ ಏನು ಬ್ಯಾನಿ ಬಂತೋ!"

ಬೈದಳೇ ಹೊರತು ಮಣ್ಣಿಗೆ ನೀರು ತಂದು ಹಾಕಿದವಳೂ ಅವಳೇ. ಗವಾಕ್ಷಿಗೆ ಒಂದು ಹಲಗೆ ಕೂಡಿಸಿ, ಕೆಳಗಿನಿಂದ ಹಗ್ಗ ಎಳೆದರೆ ಮುಚ್ಚುವಂತೆ ಮಾಡಿದೆ. ಮೊದಲ ಸಲ ಎಳೆದಾಗ ಹಲಗೆ ನನ್ನ ತಲೆಯ ಮೇಲೇ ಬಿತ್ತು, ಗುರುತು ಇನ್ನೂ ಇದೆ, ಬೇಕಾದರೆ ಮುಟ್ಟಿ ನೋಡಿ. ಬಾಗಿಲಿಗೆ ಒಳಗಿನಿಂದ ಎರಡು ಕುರಿಗಂಬಳಿ ಇಳಿಬಿಟ್ಟೆ. ಕಂಬಳಿಯ ವಾಸನೆ, ಸಗಣಿಯ ವಾಸನೆ, ಮದ್ದಿನ ವಾಸನೆ ಸೇರಿ ಒಳಗೆ ಉಸಿರಾಡುವುದೇ ಒಂದು ವ್ರತವಾಯಿತು. ಸ್ಟೇಷನ್ನಿನ ಕಸದಲ್ಲಿ ಸಿಕ್ಕ ಈ ಕೆಂಪು ಗಾಜನ್ನು ಸೀಮೆಎಣ್ಣೆ ಡಬ್ಬಿಗೆ ಕೂಡಿಸಿ ಲಾಂದ್ರ ಮಾಡಿದೆ. ಮದ್ದು ಹಾಕಲು ತಾಮ್ರ ಹಿತ್ತಾಳೆ ಆಗುವುದಿಲ್ಲವೆಂದು ಗೌರವ್ವನ ಉಪ್ಪಿನಕಾಯಿಯ ಕಲ್ಲು ಮರಿಗೆಗಳನ್ನೇ ಕದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇರಲಿಲ್ಲ.

ನಾನು ಪ್ಲೇಟು ತೊಳೆಯಲು ಹೊರಟಾಗಲೆಲ್ಲ ಗೌರವ್ವ ಲಾಂದ್ರ ಹಚ್ಚಿ, ಸೆರಗು ತಲೆಗೆಳೆದುಕೊಂಡು, ದೇವರ ಮುಂದೆ ಇಡುವವಳಂತೆ ಒಳಗೆ ತಂದಿಡುವಳು. "ದೀಪಾ ಹಚ್ಚೀನ್ರಿ" ಎನ್ನುವಳು. ಮನೆಯಲ್ಲಿ ನಾನು ಹಾಕಿದ್ದ ಅಪ್ಪಣೆ ಒಂದೇ: "ಈ ಡಬ್ಬಿಯೊಳಗಿನ ಗಾಜಿಗೆ ಬಿಸಲು ತಾಗಬಾರದು. ಒಂದ್ ಎಳಿ ಬಿಸಲು ಬಿತ್ತಂದ್ರ ಸತ್ತಂಗ." ಅಷ್ಟು ಹೇಳಿದರೆ ಸಾಕೆಂದು ತಿಳಿದಿದ್ದೆ.

ಚಳಿಗಾಲದಲ್ಲಿ ಕೆಲವು ಪಟ ಎದ್ದವು. ಗಾಜಿನ ಮೇಲೆ ಎಲ್ಲವೂ ತಿರುವುಮುರುವು ತಾನೇ, ಕಪ್ಪು ಬೆಳ್ಳಗೆ, ಬಿಳುಪು ಕರ್ರಗೆ. ತನ್ನ ಅಣ್ಣನ ಪಟ ನೋಡಿ ಗೌರವ್ವ, "ಅಯ್ಯ, ನಮ್ಮಣ್ಣನ ಮಾರಿಗೆ ಮಸಿ ಬಳದು ಮೀಸಿಗೆ ಸುಣ್ಣಾ ಹಚ್ಚೀರಲ್ರೀ" ಎಂದಳು. ಬೇಸಿಗೆ ಬರುತ್ತಲೇ ಆಟ ಮುಗಿಯಿತು. ಬಳ್ಳಾರಿಯ ಬಿಸಿಲಿಗೆ ಕೊಡದ ನೀರೇ ಕಾದಿರುತ್ತದೆ. ಒಂದು ಪ್ಲೇಟನ್ನು ಮದ್ದಿಗೆ ಹಾಕಿದರೆ ಗಾಜಿನ ಮೇಲಿನ ಲೇಪ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಜಾರಿತು. ಗಿರಣಿಯ ಮುಖ್ಯ ಲೆಕ್ಕಿಗರ ಮೀಸೆ ನನ್ನ ಕಣ್ಣೆದುರಿಗೇ ಕಳಚಿಕೊಂಡು ಬಚ್ಚಲಿಗೆ ಹರಿದು ಹೋಯಿತು. ಬಾವಿಯ ಉಪ್ಪು ನೀರು ಬೇರೆ. ಸಿಹಿನೀರು ಸಿಗುವವರೆಗೆ, ತಂಪು ಬೀಳುವವರೆಗೆ ಯಾವ ಪ್ಲೇಟನ್ನೂ ಮುಟ್ಟಬಾರದೆಂದು ಅವತ್ತೇ ನಿಶ್ಚಯಿಸಿದೆ.

ನೀಲವ್ವನ ಕುಬಸ ಅದೇ ದಿನಗಳಲ್ಲಿ ಬಂತು. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೆವು. ಏಳನೆಯ ತಿಂಗಳು, ಚೊಚ್ಚಲು, ತವರಿಗೆ ಕರೆತಂದಿದ್ದೆವು. ಅಂಗಳದಲ್ಲಿ ಹಸಿರು ಸೀರೆ, ಕೈತುಂಬ ಬಳೆ, ಜಡೆಗೆ ಮಲ್ಲಿಗೆ. ಮಣೆಯ ಮೇಲೆ ಕೂಡಿಸಿ ಎದುರಿಗೆ ನನ್ನ ಪೆಟ್ಟಿಗೆ ನಿಲ್ಲಿಸಿದೆ.

"ನಗಬ್ಯಾಡ. ನಕ್ಕರ ಮಾರಿ ಕಲಸತೈತಿ" ಎಂದೆ.

"ನೀ ಆ ಕರೇ ಅರಿಬಿಯಾಗ ತಲಿ ಹಾಕಿದ್ರ ಹೆಂಗ ನಗಬಾರದಪ್ಪ? ಹಿಂದ ನಿನ್ನ ಪಂಚಿ ಬಿಚ್ಚೇತಿ ನೋಡು!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ರೇಗಿದೆ, ಮುಚ್ಚಳ ತೆಗೆದೆ, ಮುಚ್ಚಿದೆ. ಪ್ಲೇಟಿನ ಡಬ್ಬಿ ಒಳಗಿಡಲು ಹೊರಟಾಗ ನೀಲವ್ವ ಹಿಂದೆಯೇ ಬಂದು, "ಏನೂ ಕಾಣವಲ್ದಲ್ಲಪ್ಪ, ಎಲ್ಲದೀನಿ ನಾನು?" ಎಂದು ಕೇಳಿದಳು.

"ಇದರೊಳಗ ಕುಂತೀದಿ. ತಂಪು ಬಿದ್ದ ಮ್ಯಾಲೆ ಮದ್ದು ಹಾಕತೀನಿ, ಎದ್ದು ಬರತೀದಿ."

"ಅಲ್ಲೀತನಕ ಆ ಕತ್ತಲಾಗ ಒಬ್ಬಾಕೀನ ಇರಬೇಕಾ? ಅವ್ವಾ, ನೋಡಬೇ, ಅಪ್ಪ ನನ್ನ ಎಲ್ಲಿ ಹಾಕ್ಯಾನ!"

ಈ ಮಾತಿಗೆ ತಾಯಿ ಮಗಳು ಇಬ್ಬರೂ ನಕ್ಕರು. ನೀಲವ್ವನಿಗೆ ಹುಟ್ಟಿದಾಗಿನಿಂದ ಕತ್ತಲೆಯೆಂದರೆ ಆಗದು. ಮದುವೆಯಾದ ಮೇಲೂ ಹಿತ್ತಲಿಗೆ ಹೋಗಬೇಕಾದರೆ ತಾಯಿ ದೀಪ ಹಿಡಿದು ಮುಂದೆ ನಡೆಯಬೇಕು. ನನ್ನ ಕತ್ತಲೆ ಕೋಣೆಯೊಳಗೆ ಒಂದೇ ಸಲ ಕಾಲಿಟ್ಟಿದ್ದಳು, ಕಂಬಳಿ ಇಳಿಬಿಟ್ಟೊಡನೆ ಚೀರಿ ಓಡಿಹೋಗಿದ್ದಳು.

ಆಮೇಲೆ ದಿನಾ ಒಂದೇ ಪ್ರಶ್ನೆ, "ಅಪ್ಪಾ, ನನ್ನ ಪಟ ಯಾವಾಗ?" ನನ್ನದೂ ಒಂದೇ ಉತ್ತರ, "ತಂಪಾಗಲಿ ತಡಿ." ಕಡೆಗೆ ಅವಳೇ ಒಂದು ದಾರಿ ಹುಡುಕಿದಳು. ನೋಡಲು ಬಂದ ಗಂಡನಿಗೆ, "ಮುಂದಿನ ಸಲ ಬರೂಮುಂದ ಚಕ್ಕಡಿಯಾಗ ನಮ್ಮೂರ ಹೊಳಿನೀರು ತಗೊಂಬರ್ರಿ, ನಮ್ಮಪ್ಪಗ ಬೇಕಂತ" ಎಂದು ಹೇಳಿ ಕಳಿಸಿದಳು.

ದಿನ ತುಂಬುತ್ತಾ ಬಂದಾಗ ಗೌರವ್ವ ಹೆರಿಗೆಗೆ ಕೋಣೆ ಕೇಳಿದಳು. ನಾನು ವಾದ ಮಾಡಲಿಲ್ಲ. ಮರಿಗೆ, ಮದ್ದು ಎಲ್ಲ ಹೊರಗೆ ಹಾಕಿ ಸಾರಿಸಿ ಕೊಟ್ಟೆ. ನೀಲವ್ವನ ಪ್ಲೇಟಿನ ಡಬ್ಬಿ ಮಾತ್ರ ಮೇಲಿನ ಗೂಡಿನಲ್ಲೇ ಉಳಿಯಿತು, ಮನೆಯಲ್ಲಿ ತುಸು ತಂಪಾದ ಜಾಗ ಅದೊಂದೇ. ಸೂಲಗಿತ್ತಿ ಬಂದು ನನ್ನ ಮೆತ್ತಿದ ಗೋಡೆ ನೋಡಿ, "ಚೊಲೊ ಮಾಡೀರಿ, ಗಾಳಿ ಬರಂಗಿಲ್ಲ" ಎಂದು ಮೆಚ್ಚಿದಳು. ನನಗೆ ಮನಸ್ಸು ಒಪ್ಪದೆ ಹಗ್ಗ ಸಡಿಲಿಸಿ ಗವಾಕ್ಷಿ ತೆರೆದಿಟ್ಟೆ.

ಅದನ್ನೆಲ್ಲ ಎಳೆದು ಹೇಳಲಾರೆ. ಮಗು ಅಡ್ಡ ಇತ್ತು. ಒಂದು ಹಗಲು, ಮತ್ತೊಂದು ಹಗಲು. ಆಸ್ಪತ್ರೆಯಿಂದ ಕರೆತಂದ ಡಾಕ್ಟರು ಕೈ ತೊಳೆದುಕೊಂಡು ಹೋದರು. ನಾನು ಅಂಗಳದಲ್ಲಿ ಕೂತು ಒಳಗಿನ ಕೂಗು ಸಣ್ಣದಾಗುವುದನ್ನು ಕೇಳುತ್ತಿದ್ದೆ. ಕೊನೆಗೆ ನನಗೆ ಕೇಳಿದ ಅವಳ ಮಾತು, "ಅವ್ವಾ, ಕತ್ತಲಾಗಾಕತ್ತೈತಿ, ದೀಪಾ ತಾ." ಹೊರಗೆ ಇನ್ನೂ ಸುಡುಸುಡು ಬಿಸಿಲಿತ್ತು, ಗವಾಕ್ಷಿ ತೆರೆದೇ ಇತ್ತು. ಗೌರವ್ವ ದೀಪ ತಂದಳು. ತರುವಷ್ಟರಲ್ಲಿ ಮುಗಿದಿತ್ತು, ಮಗುವೂ ಉಳಿಯಲಿಲ್ಲ.

ನಮ್ಮ ಹೊಲ ಕುರುಗೋಡಿನಲ್ಲಿದೆ, ನಮ್ಮವರನ್ನು ಮಣ್ಣು ಮಾಡುವುದು ಅಲ್ಲೇ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ವಿಭೂತಿ ಹಚ್ಚಿ, ಅದೇ ಹಸಿರು ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ಅವಳನ್ನು ಪಡಸಾಲೆಯಲ್ಲಿ ಕೂಡಿಸಿದ್ದರು. ಬಂದವರೊಬ್ಬರು, "ನಿಮ್ಮ ಪೆಟಿಗಿ ಐತಲ್ರಿ, ಒಂದು ಪಟಾ ತಗೀರಿ, ನೆನಪಿಗಿರತೈತಿ" ಎಂದರು. ಅವರನ್ನು ಹೊಡೆಯಲು ಹೋದೆನಂತೆ, ನನಗೆ ನೆನಪಿಲ್ಲ. ಗಂಜಿಯವರ ಮುಂದೆ ನಿಂತ ಪೆಟ್ಟಿಗೆ ಮಾತ್ರ ಕಣ್ಣಿಗೆ ಕಟ್ಟಿತ್ತು. ಗೌರವ್ವ ಅಳು ನಿಲ್ಲಿಸಿ, "ಬ್ಯಾಡ. ನಗೂ ಪಟಾ ಐತಿ ನಮ್ಮ ಹತ್ರ" ಎಂದಳು. ಅವಳಿಗೆ ಆಮೇಲೆ ಉಳಿದ ಆಸರೆ ಆ ಒಂದು ಗಾಜು. ಮಗಳ ಮುಖ ಬೇರೆಲ್ಲೂ ಇರಲಿಲ್ಲ.

ಅಳಿಯ ಆ ದಿನವೇ ಸಿರುಗುಪ್ಪದಿಂದ ಬಂದ. ಸುದ್ದಿ ದಾರಿಯಲ್ಲಿ ತಿಳಿದಿತ್ತು. ಚಕ್ಕಡಿಯಲ್ಲಿ ಒದ್ದೆ ಗೋಣಿ ಸುತ್ತಿದ ಹೊಳೆನೀರಿನ ಗಡಿಗೆಗಳಿದ್ದವು. ಇಳಿಸಲೋ ಚೆಲ್ಲಲೋ ತಿಳಿಯದೆ ಅವನು ಎತ್ತಿನ ಪಕ್ಕದಲ್ಲೇ ನಿಂತಿದ್ದ. ನಾನು ಒಂದೊಂದಾಗಿ ಇಳಿಸಿ ಒಳಗಿಟ್ಟೆ.

ಜೀವ ಹೋದ ಜಾಗದಲ್ಲಿ ದಿನಗಳು ಮುಗಿಯುವವರೆಗೆ ದೀಪ ಇಡಬೇಕು, ಆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಗೌರವ್ವ ಸಂಜೆಯಾದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಬ್ಬಳೇ ಅಳಲಿ ಎಂದು ನಾನು ಆ ಕಡೆ ಸುಳಿಯುತ್ತಿರಲಿಲ್ಲ.

ದಿನಗಳು ಮುಗಿದ ಮೇಲೆ ಒಂದು ಬೆಳಗಿನ ಜಾವ, ಊರು ಬಿಸಿಲಿಗೆ ಕಾಯುವ ಮುಂಚೆ, ಪ್ಲೇಟು ಎಬ್ಬಿಸಲು ಕೂತೆ. ಹಗ್ಗ ಎಳೆದೆ, ಕಂಬಳಿ ಇಳಿಬಿಟ್ಟೆ. ಗೌರವ್ವ ಎಂದಿನಂತೆ ಕೆಂಪು ಲಾಂದ್ರ ಹಚ್ಚಿ ತಂದಿಟ್ಟು, "ಶಿವಾ, ನನ್ನ ಮಗಳನ್ನ ಹೊರಗ ಕಳಸು" ಎಂದು ಕೈಮುಗಿದು ಹೋದಳು. ಹೊಳೆನೀರು ಮುಟ್ಟಿದರೆ ಹಿತವಾಗುವಷ್ಟು ತಣ್ಣಗಿತ್ತು. ಮರಿಗೆಯಲ್ಲಿ ಪ್ಲೇಟು ಇಟ್ಟು ಮದ್ದು ಸುರಿದೆ.

ಮೊದಲು ಮಲ್ಲಿಗೆ ಬಂತು. ಆಮೇಲೆ ಹಲ್ಲು. ನಗುತ್ತಿದ್ದಳು. ನಾನು ಬೇಡವೆಂದರೂ ನಕ್ಕಿದ್ದಳು, ಕಲಸಿರಲಿಲ್ಲ, ಒಂದೊಂದು ಹಲ್ಲೂ ಸರಿಯಾಗಿತ್ತು. "ಬಾರವ್ವ" ಎಂದು ನನಗರಿವಿಲ್ಲದೆ ಬಾಯಿಬಿಟ್ಟೆ. ಅಷ್ಟರಲ್ಲಿ ಪ್ಲೇಟಿನ ನಾಲ್ಕೂ ಅಂಚಿನಿಂದ ಮಬ್ಬು ಏಳತೊಡಗಿತು. ಬಳೆ ಹೋಯಿತು, ಸೀರೆ ಹೋಯಿತು. ಎತ್ತಿ ನೀರಿಗೆ ಹಾಕಿದೆ, ನಿಲ್ಲಿಸುವ ಮದ್ದಿಗೆ ಹಾಕಿದೆ. ಅವಸರಕ್ಕೆ ಅರ್ಧ ಮದ್ದು ಚೆಲ್ಲಿತು. ಹಲ್ಲು ಕಡೆಯಲ್ಲಿ ಹೋಯಿತು. ಗಾಜು ಒಂದೇ ಸಮನೆ ಕಪ್ಪಾಗಿ ಉಳಿಯಿತು.

ಎಲ್ಲಿಂದ ಬೆಳಕು ಬಿತ್ತು? ಎದ್ದು ಗೋಡೆ ಗೋಡೆ ತಡವಿದೆ. ತೊಲೆಯ ಸಂದಿ, ಇರುವೆಯ ತೂತು, ಬಾಗಿಲ ಅಂಚು. ಒಂದು ಸೂಜಿಮೊನೆಯಷ್ಟು ಬೆಳಕಿರಲಿಲ್ಲ. ನಾನು ಕಟ್ಟಿದ ಕತ್ತಲೆ ಗಟ್ಟಿಯಾಗಿಯೇ ಇತ್ತು. ಯಾರನ್ನು ಬಯ್ಯಬೇಕೋ ತಿಳಿಯದೆ, ಸಿಕ್ಕವರನ್ನು ಸಿಗಿದುಹಾಕುವ ಸಿಟ್ಟಿನಲ್ಲಿ ಗಾಜು ಹಿಡಿದೇ ಕಂಬಳಿ ಎತ್ತಿ ಹೊರಬಂದೆ.

ಗೌರವ್ವ ಹೊಸ್ತಿಲಲ್ಲೇ ಕೂತಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೇಳಿದಳು.

"ಕಂಡಳೇನ್ರಿ? ಹೆದರಿದ್ದಿಲ್ಲಲ್ಲ? ನಾ ದಿನಾ ಸಂಜಿಗೆ ಡಬ್ಬಿ ತಗದು ದೀಪಾ ತೋರಿಸೀನ್ರಿ ಆಕಿಗೆ. ಕತ್ತಲಾಗ ಒಬ್ಬಾಕೀನ ಅದಾಳಂತ ತಡೀಲಿಲ್ಲ ನನ್ನ ಕರಳು. ನೀವು ಮಾಡೂಹಂಗ ಮಾಡೀನಿ, ಹಗ್ಗಾ ಎಳದು, ಬಾಗಲಾ ಹಾಕಿ, ಕಂಬಳಿ ಇಳೇಬಿಟ್ಟು. ಒಂದ್ ಎಳಿ ಬಿಸಲು ಬೀಳಗೊಟ್ಟಿಲ್ಲ."

ಲಾಂದ್ರ ಹಚ್ಚಿ ತರುತ್ತಿದ್ದವಳು ಅವಳು. ನಾನು ದೀಪ ಇಟ್ಟುಕೊಂಡು ಒಳಗೆ ಕೂಡುವುದನ್ನು ಎಷ್ಟು ಸಲ ನೋಡಿದ್ದಳು, ಅದರ ಗಾಜು ಯಾಕೆ ಕೆಂಪೆಂದು ನಾನು ಹೇಳಿರಲೇ ಇಲ್ಲ! ಬಿಸಿಲು ಕೊಲ್ಲುತ್ತದೆ ಎಂದಿದ್ದೆ, ಬಿಸಿಲು ಬೀಳಗೊಟ್ಟಿರಲಿಲ್ಲ ಅವಳು. ಎಣ್ಣೆದೀಪ ಕೊಲ್ಲುತ್ತದೆಂದು ಯಾವ ತಾಯಿ ಎಣಿಸಿಯಾಳು?

"ಹೆದರಿಲ್ಲ" ಎಂದೆ. "ನಗಾಕತ್ತಿದ್ಲು. ಹಲ್ಲು ಕಂಡ್ವು. ಮಲ್ಲಿಗಿ ಕಂಡ್ವು."

ಅವಳು ಗಾಜನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬೆಳಕಿಗೆ ಹಿಡಿದಳು. "ಕರ್ರಗೈತಲ್ರೀ" ಎಂದಳು.

"ಗಾಜಿನ ಮ್ಯಾಲೆ ಹಂಗಽ ಇರತೈತಿ. ನಿಮ್ಮಣ್ಣಂದೂ ಹಂಗಽ ಇದ್ದಿಲ್ಲೇನು?"

"ಹೌದು, ಹೌದು" ಎಂದಳು. ಬಹಳ ಹೊತ್ತು ನೋಡಿ, ಒಂದು ಮೂಲೆಯ ಮೇಲೆ ಬೆರಳಿಟ್ಟು, "ಇದು ಆಕಿ ಜಡಿ" ಎಂದಳು. ಕಾಗದದ ಮೇಲೆ ಯಾವಾಗ ಇಳಿಸುತ್ತೀರಿ ಎಂದು ಕೇಳಿದಾಗ ಕಾಗದ ತರಿಸಬೇಕು ಎಂದೆ. ಮತ್ತೆ ಅವಳು ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದು ನಾನೂ ಕೇಳಲಿಲ್ಲ.

ಅವತ್ತೇ ಕಂಬಳಿ ಇಳಿಸಿದೆ, ಗವಾಕ್ಷಿಯ ಹಲಗೆ ಕಿತ್ತೆ, ಮೆತ್ತಿದ ಸಗಣಿ ಮಣ್ಣನ್ನು ಗುದ್ದಲಿಯಿಂದ ಕೆತ್ತಿ ತೆಗೆದೆ. ಕ್ಯಾಮೆರಾ ಯಾರಿಗೆ ಕೊಟ್ಟೆನೋ ನೆನಪಿಲ್ಲ. ಗೌರವ್ವ ಹೋದ ಮೇಲೆ ಆ ಕಪ್ಪು ಗಾಜನ್ನು ಅವಳ ಮಡಿಲಲ್ಲಿಟ್ಟು ಕುರುಗೋಡಿನಲ್ಲಿ ಮಗಳ ಪಕ್ಕ ಕೂಡಿಸಿ ಬಂದೆ. ಹೀಗಾಗಿ ಮನೆಯಲ್ಲಿ ಉಳಿದದ್ದು ಈ ರೈಲ್ವೆಯ ಚೂರು ಮಾತ್ರ. ನೀಲವ್ವನ ಮುಖ ಈಗ ನನಗೂ ಸರಿಯಾಗಿ ನೆನಪಿಗೆ ಬರುವುದಿಲ್ಲ, ಕೆಂಪು ಬೆಳಕಿನಲ್ಲಿ ಒಂದು ಸಾಲು ಹಲ್ಲು ಬರುತ್ತದೆ.

ಪ್ಲೇಟು ತೊಳೆದ ಆ ದಿನ ಸಂಜೆ ಗೌರವ್ವ ಗಾಜನ್ನು ದೇವರ ಜಗುಲಿಯ ಮೇಲೆ ಆನಿಸಿಟ್ಟಳು. ದೀಪ ಹಚ್ಚಿದಳು. ಅದನ್ನು ಬೆಳಗಲೆಂದು ಎತ್ತಿಕೊಂಡವಳು ಅಲ್ಲೇ ತಡೆದು, ಹಿಂತಿರುಗಿ ನನ್ನನ್ನು ನೋಡಿದಳು.

"ನಿಲ್ಲಿಸೋ ಮದ್ದು ಹಾಕೀರಲ್ಲ? ಈಗ ಬೆಳಕು ತೋರಿಸಿದ್ರ ಏನೂ ಆಗಂಗಿಲ್ಲಲ್ರೀ?"

"ಇನ್ನ ಏನೂ ಆಗಂಗಿಲ್ಲ" ಎಂದೆ. "ತೋರಸು."